ಓದದೆ ಬಿಟ್ಟ ನಾಲ್ಕು ಸಾಲು

ದೊಡ್ಡ ಅಚ್ಚುಮೊಳೆಗಳ ಪೆಟ್ಟಿಗೆಗೆ ಬೀಗ ಹಾಕಿದ ಛಾಪಖಾನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾರ್ಗಿಲ್‌ನಲ್ಲಿ ಯುದ್ಧ ಶುರುವಾಗಿದೆ ಎಂದು ರೇಡಿಯೊ ಹೇಳಿದ ಮರುದಿನ ನಮ್ಮ ಮಾಸ್ತರರು ಬೆಟಗೇರಿ ಬಜಾರದಿಂದ ಒಂದು ಸಣ್ಣ ಹಿತ್ತಾಳೆ ಬೀಗ ಕೊಂಡು ತಂದರು. ಎಲ್ಲಕ್ಕಿಂತ ದಪ್ಪ ಅಕ್ಷರಗಳಿದ್ದ ಮರದ ಪೆಟ್ಟಿಗೆಗೆ ಅದನ್ನು ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು.

“ಯಾಕ್ರಿ ಮಾಸ್ತರ, ಮೊಳಿ ಯಾರ ಕದೀತಾರ?” ಎಂದು ಕೇಳಿದೆ.

“ಕದಿಯೂದಕ್ಕಲ್ಲ ತಮ್ಮಾ. ಯುದ್ಧ ಬಂತಂದ್ರ ಪೇಪರ್‌ನವರ ಕೈ ಮೊದಲ ದೊಡ್ಡ ಮೊಳಿಗೆ ಹೋಗತೈತಿ. ದೊಡ್ಡ ಮೊಳಿ ಕುಂತಲ್ಲಿ ಸಣ್ಣ ಸುದ್ದಿಗೆ ಜಾಗಾ ಇರೂದಿಲ್ಲ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”

ಮಾಸ್ತರರು ಹೋದ ತಿಂಗಳು ತೀರಿಕೊಂಡರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮೊಳೆ ಜೋಡಿಸಲು ನಿಂತವರು. ಹಮಾಲರಿಗೆ ಸಂಜೆ ಹೊತ್ತು ಅಕ್ಷರ ಹೇಳಿಕೊಡಲು ಹೋಗಿ ಮಾಸ್ತರರಾದರು. ಕಲಿತವರು ಕಡಿಮೆ, ಹೆಸರು ಮಾತ್ರ ಉಳಿಯಿತು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಪತ್ರಿಕೆಯಲ್ಲಿ ಕೊನೆಯ ಪುಟದ ಅಡಿಗೆ ಕಾನೂನಿಗೆ ಬೇಕಾದಷ್ಟು ಹೆಸರು ಬಿಟ್ಟರೆ, ಬರೆದವರ ಹೆಸರು ಎಂದೂ ಅಚ್ಚಾಗಲಿಲ್ಲ. “ಚೀಲದ ಮ್ಯಾಲ ಹೊತ್ತವನ ಹೆಸರು ಇರತೈತೇನು?” ಎನ್ನುತ್ತಿದ್ದರು.

ಪತ್ರಿಕೆಗೆ ಒಂದು ಹೆಸರಿತ್ತು, ಆದರೆ ಯಾರೂ ಅದನ್ನು ಹೇಳುತ್ತಿರಲಿಲ್ಲ. ‘ಹಮಾಲರ ಪೇಪರ’ ಎಂದರೆ ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ, ಹತ್ತಿ ಗಿರಣಿಗಳಲ್ಲಿ, ಬೆಟಗೇರಿಯ ಮಗ್ಗದ ಓಣಿಗಳಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಊರಿನ ದೊಡ್ಡ ಮುದ್ರಣಾಲಯಗಳಿಗೆ ಆಗಲೇ ಆಫ್‌ಸೆಟ್ ಬಂದಿತ್ತು. ನಮ್ಮದು ಕಾಲಿನಿಂದ ತುಳಿಯುವ ಹಳೆಯ ಟ್ರೆಡಲ್. ಜಿಲ್ಲೆ ಹೊಸದಾಗಿ ಆಗಿತ್ತು. ಧಾರವಾಡ ಜಿಲ್ಲೆ ಎಂದಿದ್ದ ಕಡೆಯೆಲ್ಲ ಗದಗ ಜಿಲ್ಲೆ ಎಂದು ಹಾಕಿಸಿಕೊಳ್ಳುವವರ ಲೆಟರ್‌ಹೆಡ್, ರಸೀದಿ ಪುಸ್ತಕಗಳ ಕೆಲಸ ನಮಗೆ ಬೇಕಾದಷ್ಟಿತ್ತು. ಅದರಿಂದ ಛಾಪಖಾನೆ ನಡೆಯುತ್ತಿತ್ತು, ಛಾಪಖಾನೆಯಿಂದ ಪತ್ರಿಕೆ ನಡೆಯುತ್ತಿತ್ತು. ನಾನು ಅಡರಕಟ್ಟಿಯಿಂದ ಬಂದು ಅಲ್ಲಿ ಕಂಪೋಸಿಂಗ್ ಕಲಿತು ಐದು ವರ್ಷವಾಗಿತ್ತು. ನನ್ನಪ್ಪನೂ ಅದೇ ಯಾರ್ಡಿನಲ್ಲಿ ಚೀಲ ಹೊತ್ತವನು.

ಮಾಸ್ತರರಿಗೆ ಒಂದು ಪದ್ಧತಿಯಿತ್ತು. ಪತ್ರಿಕೆಯ ಒಂದು ಸಾಲನ್ನೂ ಹಮಾಲರು ಕೇಳುವ ಮೊದಲು ಅವರು ಅಚ್ಚು ಹಾಕುತ್ತಿರಲಿಲ್ಲ. ಗುರುವಾರ ಪ್ರೂಫ್ ತೆಗೆಯುತ್ತಿದ್ದೆವು. ಮಧ್ಯಾಹ್ನ ರೊಟ್ಟಿ ಉಣ್ಣುವ ಹೊತ್ತಿಗೆ ಅದನ್ನು ಯಾರ್ಡಿನ ಷೆಡ್ಡಿಗೆ ಒಯ್ದು ಮೊದಲಿನಿಂದ ಕೊನೆಯವರೆಗೆ ಓದಬೇಕು. ಯಾವ ಹಮಾಲನೇ ಆಗಲಿ ಕೈ ಎತ್ತಿ “ಇದನ್ನ ತಗೀರಿ” ಎಂದರೆ ಆ ಸಾಲು ಹೋಗುತ್ತಿತ್ತು. ಯಾಕೆ ಎಂದು ಕೇಳುವಂತಿಲ್ಲ. ಪತ್ರಿಕೆಯ ತಲೆಬರಹದ ಕೆಳಗೆ ‘ಹಮಾಲರು ಕೇಳಿ ಒಪ್ಪಿದ್ದು’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಓದುವಾಗ ಮಾಸ್ತರರು ಮಾತ್ರ ಅಲ್ಲಿಗೆ ಬರುತ್ತಿರಲಿಲ್ಲ. “ಬರದಾಂವ ಮುಂದ ಕುಂತ್ರ ಮಂದಿ ಬಾಯಿ ಬಿಚ್ಚೂದಿಲ್ಲ. ನೀ ಓದು, ಅವರು ಏನಂದ್ರು ಬಂದು ಹೇಳು.” ನನ್ನ ಧ್ವನಿ ದೊಡ್ಡದಿತ್ತು. ಹೀಗಾಗಿ ಓದುವವನು ನಾನಾದೆ.

ಕೇಳುವವರಲ್ಲಿ ಮುಂದೆ ಕೂರುತ್ತಿದ್ದವರು ಮುಕಾದಮ ರಾಜೇಸಾಬ ಕಾಕಾ. ಲಕ್ಷ್ಮೇಶ್ವರದ ಕಡೆಯವರು, ಗದಗಿನಲ್ಲಿ ಹಮಾಲರ ಗುಂಪಿಗೆ ಹಿರಿಯರು. ಅಕ್ಷರ ಬರುತ್ತಿರಲಿಲ್ಲ. ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾಸ್ತರರಿಗೆ ಊರಿನಲ್ಲಿ ಇದ್ದ ಒಬ್ಬನೇ ಗೆಳೆಯ ಎಂದರೂ ನಡೆದೀತು. ದಿನಾ ಸಂಜೆ ಯಾರ್ಡಿನಿಂದ ನೇರ ಛಾಪಖಾನೆಗೆ ಬಂದು, ಕಾಗದದ ಬಂಡಲಿನ ಮೇಲೆ ಕುಳಿತು ಚಹಾ ಕುಡಿದೇ ಮನೆಗೆ ಹೋಗುತ್ತಿದ್ದರು.

ಒಮ್ಮೆ ಮಾಸ್ತರರು ಹುರುಪಿನಲ್ಲಿ ‘ಸಾಮ್ರಾಜ್ಯಶಾಹಿ ಬಂಡವಾಳ’ ಎಂದು ಬರೆದಿದ್ದರು. ನಾನು ಓದಿದ ಕೂಡಲೇ ಕಾಕಾ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು.

“ತಮ್ಮಾ, ಆ ಚೀಲ ಬಾಳ ವಜ್ಜಿ ಐತಿ. ಇಳಸಾಕ ಹೇಳು ನಿಮ್ಮ ಮಾಸ್ತರಗ. ಬೆನ್ನು ಮುರೀತೈತಿ.”

ಷೆಡ್ಡೆಲ್ಲ ನಕ್ಕಿತು. ಸಂಜೆ ಮಾಸ್ತರರು ಆ ಎರಡು ಶಬ್ದಗಳ ಮೊಳೆಗಳನ್ನು ತಾವೇ ಕಿತ್ತು ಖಾನೆಗಳಿಗೆ ಹಾಕುತ್ತ, “ರಾಜೇಸಾಬಾ, ನೀ ಹಮಾಲ ಆಗಬಾರದಿತ್ತು, ಸಂಪಾದಕ ಆಗಬೇಕಿತ್ತು ನೋಡು” ಎಂದರು. “ಅದಕ್ಕ ಬರಿಯಾಕ ಬರಬೇಕಲ್ರಿ?” “ಬರಬೇಕಂತ ಎಲ್ಲೈತಿ? ಊರಾಗ ಇದ್ದ ಸಂಪಾದಕರನ್ನ ನೋಡು.”

ಮಾಸ್ತರರು ಸಂತರಲ್ಲ. ಹಟದ ಮನುಷ್ಯ. ಮನೆಯಲ್ಲಿ ಅಕ್ಕ, ಅಂದರೆ ಅವರ ಹೆಂಡತಿ, ಎರಡು ಸಲ ಕರೆದರೂ ಊಟಕ್ಕೆ ಏಳುತ್ತಿರಲಿಲ್ಲ. ಮೂರನೆಯ ಸಲ ಕರೆದರೆ ಸಿಟ್ಟಾಗುತ್ತಿದ್ದರು. ತಮ್ಮ ಬರಹ ತಮಗೆ ಸರಿ ಎನಿಸಿದರೆ ಓದಿದವರ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತಿರಲಿಲ್ಲ. ಆ ಕೆಲಸವನ್ನು ಹಮಾಲರಿಗೆ ಬಿಟ್ಟಿದ್ದರು.

ಯುದ್ಧ ಬಂದ ಮೇಲೆ ಊರಿನ ಸಪ್ಪಳವೇ ಬದಲಾಯಿತು. ಟಿವಿ ಅಂಗಡಿಯ ಮುಂದೆ ರಸ್ತೆ ಕಟ್ಟುವಷ್ಟು ಜನ ನಿಲ್ಲುತ್ತಿದ್ದರು. ಮೊದಮೊದಲು ಚಪ್ಪಾಳೆ ಕೇಳಿಸುತ್ತಿತ್ತು. ಆಮೇಲೆ ಶವಪೆಟ್ಟಿಗೆಗಳನ್ನು ತೋರಿಸಲು ಶುರು ಮಾಡಿದಾಗ ಚಪ್ಪಾಳೆ ನಿಂತು, ಅದಕ್ಕಿಂತ ಕೆಟ್ಟದೊಂದು ಮೌನ ಬಂತು. ಮಾತಾಡುತ್ತಿದ್ದವರು ಯಾರಾದರೂ ಬಂದರೆ ಮಾತು ನಿಲ್ಲಿಸುತ್ತಿದ್ದರು. ಆ ವರ್ಷ ಗಾಳಿಯೂ ಜೋರು. ಯಾರ್ಡಿನ ತಗಡುಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು.

ಹಮಾಲರ ಕುಡಿಯುವ ನೀರು ಮತ್ತು ಷೆಡ್ಡಿನ ವಿಷಯ ಮಾತಾಡಲು ವ್ಯಾಪಾರಸ್ಥರು ಒಪ್ಪಿದ್ದರು. ಈಗ ‘ದೇಶ ಯುದ್ಧದಾಗ ಐತಿ, ನಿಮ್ಮದೇನು ಗದ್ದಲ’ ಎಂದು ಮುಂದಕ್ಕೆ ಹಾಕಿದರು. ಹಮಾಲರ ಸಂಘದ ಹಿರಿಯರೊಬ್ಬರು ಛಾಪಖಾನೆಗೆ ಬಂದು ಕುಳಿತರು.

“ಮಾಸ್ತರ, ಈ ಸಲ ಮೊದಲನೇ ಪುಟಾ ಪೂರಾ ಯುದ್ಧ ಹಾಕ್ರಿ. ಇಲ್ಲಂದ್ರ ಮಂದಿ ನಮ್ಮನ್ನ ಬ್ಯಾರೆ ತಿಳೀತಾರ.”

“ನೀರಿನ ಟಾಕಿ ಎಲ್ಲಿ ಹಾಕ್ಲಿ?”

“ಟಾಕಿ ಆಮ್ಯಾಲ.”

“ಯುದ್ಧ ಆತಂತ ಹಮಾಲಗ ನೀರಡಿಕಿ ಆಗೂದು ಬಿಡತೈತೇನ್ರಿ?”

ಹಿರಿಯರು ಚಹಾ ಮುಟ್ಟದೆ ಎದ್ದು ಹೋದರು.

ಮೊದಲ ಪುಟದಲ್ಲಿ ನೀರಿನ ಟಾಕಿಯೇ ಬಂತು. ಮೂರನೆಯ ಪುಟದಲ್ಲಿ ಮಾಸ್ತರರು ಹೊಸದೊಂದು ಶುರು ಮಾಡಿದರು. ನಮ್ಮ ಕಡೆಯಿಂದ ಸೈನ್ಯಕ್ಕೆ ಹೋದ ಹುಡುಗರ ಹೆಸರು, ಊರು, ಅವರಪ್ಪ ಮಾಡುವ ಕೆಲಸ. ಅವನ್ನು ಎರಡು ಪಟ್ಟಿ ಮಾಡಿದರು: ‘ಪತ್ರ ಬಂತು’, ‘ಪತ್ರ ಬಂದಿಲ್ಲ’. ಅಷ್ಟೇ. ಡೋಣಿಯ ಕುರಿ ಕಾಯುವವರ ಮಗ, ಪತ್ರ ಬಂತು. ಶಿರಹಟ್ಟಿಯ ದರ್ಜಿಯ ಮಗ, ಪತ್ರ ಬಂತು. ಮುಂಡರಗಿಯ ಗೌಂಡಿಯ ಮಗ, ಪತ್ರ ಬಂದಿಲ್ಲ. ಗದಗಿನ ಹಮಾಲ ರಾಜೇಸಾಬರ ಮಗ, ಪತ್ರ ಬಂದಿಲ್ಲ.

ಎಲ್ಲಿಂದಲೋ ಜನ ಬಸ್ ಹಿಡಿದು ನಮ್ಮ ಬಾಗಿಲಿಗೆ ಬಂದು “ನಮ್ಮ ಹುಡುಗಂದು ಬಂತ್ರಿ, ಆ ಕಡೆ ಹಾಕ್ರಿ” ಎಂದು ಹೇಳಿ ಹೋಗುತ್ತಿದ್ದರು. ಹೆಸರಿನ ಸಾಲನ್ನು ಒಂದು ಪಟ್ಟಿಯಿಂದ ಎತ್ತಿ ಇನ್ನೊಂದಕ್ಕೆ ಇಡುವ ಕೆಲಸ ನನ್ನದು. ಸೀಸದ ಒಂದು ಸಾಲು ಎಷ್ಟು ತೂಕವಿದ್ದೀತು? ಆದರೂ ಎರಡೂ ಕೈಯಲ್ಲಿ ಹಿಡಿದು ಇಡುತ್ತಿದ್ದೆ. ಎರಡನೆಯ ಸಂಚಿಕೆಗೆ ‘ಬಂದಿಲ್ಲ’ ಉದ್ದವಾಯಿತು. ಮೂರನೆಯದಕ್ಕೆ ಇನ್ನೂ ಉದ್ದವಾಯಿತು. ಕಾಕಾನ ಮಗನ ಹೆಸರು ಇದ್ದಲ್ಲಿಯೇ ಇತ್ತು. ಕಾಕಾ ಸಂಜೆ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಮಾತಾಡುತ್ತಿರಲಿಲ್ಲ. ಮಾಸ್ತರರೂ ಏನೂ ಕೇಳುತ್ತಿರಲಿಲ್ಲ.

ಆ ಮೂರನೆಯ ಸಂಚಿಕೆಯ ಹಿಂದಿನ ವಾರ ಯಾವುದೋ ಶಿಖರ ಗೆದ್ದ ಸುದ್ದಿ ಬಂದು ಬಜಾರಿನಲ್ಲಿ ಪೇಢೆ ಹಂಚಿದ್ದರು. ಆ ಕಡೆಯವರು ಇಷ್ಟು ಜನ ಸತ್ತರು ಎಂದು ಮೈಕಿನಲ್ಲಿ ಕೂಗಿ ಹಂಚಿದ್ದರು. ಮಾಸ್ತರರು ಅದನ್ನು ನೋಡಿ ಬಂದು, ಪಟ್ಟಿಯ ಕೆಳಗೆ ಹಾಕಲು ನಾಲ್ಕು ಸಾಲು ಬರೆದುಕೊಟ್ಟರು. ಜೋಡಿಸಿದವನು ನಾನೇ, ಹೀಗಾಗಿ ಇಂದಿಗೂ ಬಾಯಿಗೆ ಬರುತ್ತದೆ:

‘ಆ ಕಡೆಯ ಸೈನಿಕನ ಮನೆಯಲ್ಲಿಯೂ ಯಾರೋ ಟಪಾಲಿನವನ ದಾರಿ ಕಾಯುತ್ತಿದ್ದಾರೆ. ಅವನ ಅಪ್ಪನೂ ಚೀಲ ಹೊರುವವನೇ ಇರಬಹುದು. ಅವನ ಹೆಸರು ಹಾಕಲು ನಮ್ಮಲ್ಲಿ ಪಟ್ಟಿಯಿಲ್ಲ. ಆದರೆ ಅವನ ಸಾವಿಗೆ ನಾವು ಸಿಹಿ ತಿನ್ನುವುದು ಬೇಡ.’

ಗುರುವಾರ ಷೆಡ್ಡಿನಲ್ಲಿ ಜೋಳದ ಚೀಲಗಳ ಮೇಲೆ ಎಲ್ಲರೂ ಕುಳಿತಿದ್ದರು. ಕಾಕಾ ಆ ದಿನ ಕಣ್ಣು ಮುಚ್ಚಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ‘ಪತ್ರ ಬಂದಿಲ್ಲ’ ಓದುತ್ತ ಅವರ ಮಗನ ಹೆಸರಿಗೆ ಬಂದಾಗ ಅವರ ತುಟಿಗಳು ನನ್ನ ಜೊತೆ ಆ ಹೆಸರನ್ನು ಹೇಳಿದವು, ಸಪ್ಪಳವಿಲ್ಲದೆ. ಅದರ ಕೆಳಗೇ ಆ ನಾಲ್ಕು ಸಾಲು. ಆ ಕಡೆಯ ಸೈನಿಕ ಎಂದರೆ ಅವರ ಮಗನಿಗೆ ಗುರಿ ಇಟ್ಟು ಕುಳಿತವನು. ಅವನಿಗಾಗಿ ಎರಡು ಮಾತು ಹೇಳಲು ಆ ಮುಖದ ಮುಂದೆ ನನ್ನ ನಾಲಿಗೆ ಏಳಲಿಲ್ಲ. ಹಾಳೆ ತಿರುವಿ ನಾಲ್ಕನೆಯ ಪುಟ ಓದಿದೆ.

ಯಾರೂ ಕೈ ಎತ್ತಲಿಲ್ಲ.

ಛಾಪಖಾನೆಗೆ ಬಂದಾಗ ಮಾಸ್ತರರು ಟ್ರೆಡಲಿಗೆ ಎಣ್ಣೆ ಬಿಡುತ್ತಿದ್ದರು. “ಏನಂದ್ರು?” ಎಂದು ಕೇಳಿದರು. ಆಗ ಹೇಳಬಹುದಿತ್ತು. ದಾರಿಯಲ್ಲಿ ಹೇಳಬೇಕೆಂದೇ ಬಂದಿದ್ದೆ. ಆದರೆ ಓದಲಿಲ್ಲ ಎಂದರೆ ಐದು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪನ್ನು ನಾನು ಮಾಡಿದಂತೆ. ತೆಗೆಯಲು ಹೇಳಿದರು ಎಂದರೆ ಸುಳ್ಳು.

“ಎಲ್ಲಾ ಆತ್ರಿ” ಎಂದೆ.

“ಮೂರನೇ ಪುಟಾನೂ?”

“ಹ್ಞೂಂ ರೀ.”

ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. ಆಮೇಲೆ, “ರಾಜೇಸಾಬ ದೊಡ್ಡಾಂವ ನೋಡು” ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ನನಗೆ ಆಮೇಲೆ ಬಾಯಿ ಬಿಡಲು ಆಗಲೇ ಇಲ್ಲ.

ಪತ್ರಿಕೆ ಹೊರಬಿದ್ದ ಎರಡನೆಯ ದಿನ ಆರೇಳು ಯುವಕರು ಅದನ್ನು ಸುರುಳಿ ಸುತ್ತಿ ಹಿಡಿದು ಯಾರ್ಡಿಗೆ ಬಂದರು. ನಾನು ಅಲ್ಲಿಯೇ ಇದ್ದೆ. ಅವರಲ್ಲೊಬ್ಬ ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟು ಕೇಳಿದ:

“ಹಮಾಲರು ಕೇಳಿ ಒಪ್ಪಿದ್ದು ಅಂತ ಮ್ಯಾಲ ಬರದೈತಿ. ಒಪ್ಪಿದವ್ರು ಯಾರು?”

ಅವನ ಕಣ್ಣು ಒಬ್ಬೊಬ್ಬರನ್ನೇ ದಾಟಿ ಕಾಕಾನ ಮೇಲೆ ನಿಂತಿತು.

“ನೀವ ಏನು ಮುಕಾದಮರು? ನೀವ ಒಪ್ಪಿದ್ರೇನು?”

“ಏನು ಬರದೈತಿ ನನಗ ಗೊತ್ತಿಲ್ಲಪಾ. ನಾವು ಅದನ್ನ ಕೇಳಿಲ್ಲ.”

“ಕೇಳಿಲ್ಲಂತ! ಒಪ್ಪಿದ್ದು ಅಂತ ಛಾಪಾಗೈತಿ, ಈಗ ಕೇಳಿಲ್ಲಂತ!”

“ಏ ತಮ್ಮಾ, ನನ್ನ ಮಗಾ ಅಲ್ಲಿ ಯುದ್ಧದಾಗ ಅದಾನ.”

“ಯಾವ ಕಡೆ?” ಎಂದ ಹಿಂದೆ ನಿಂತವನೊಬ್ಬ.

ಕೆಲವರು ನಕ್ಕರು. ಮೂವತ್ತು ವರ್ಷ ಕಾಕಾನ ಜೊತೆ ಚೀಲ ಹೊತ್ತವರು ಅಲ್ಲಿದ್ದರು. ಒಬ್ಬರೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಯುವಕರು ಪತ್ರಿಕೆಯನ್ನು ಅಲ್ಲಿಯೇ ನೆಲಕ್ಕೆ ಹಾಕಿ, ಅದರ ಮೇಲೆ ಕಾಲಿಟ್ಟು ಹೋದರು. ಕಾಕಾ ಬಗ್ಗಿ ಅದನ್ನು ಎತ್ತಿಕೊಂಡರು.

ಸಂಜೆಯವರೆಗೆ ಕಾಯದೆ ಕಾಕಾ ಛಾಪಖಾನೆಗೆ ಬಂದರು. ನಾನು ಮೊಳೆಗಳ ಖಾನೆಯ ಮುಂದೆ ನಿಂತಿದ್ದೆ. ಅವರು ಕುಳಿತುಕೊಳ್ಳಲಿಲ್ಲ.

“ಮಾಸ್ತರ, ಈ ನಾಕ ಸಾಲು ನಮಗ ಓದಿ ತೋರಿಸೀರೇನು?”

ಮಾಸ್ತರರು ನನ್ನ ಕಡೆ ನೋಡಿದರು. ಒಂದೇ ಸಲ. ನನ್ನ ಕೈ ಖಾನೆಯೊಳಗೇ ಇತ್ತು, ಯಾವ ಅಕ್ಷರ ಹಿಡಿದಿದ್ದೇನೆ ಎಂಬ ಎಚ್ಚರವಿರಲಿಲ್ಲ. ಅವರಿಗೆ ತಿಳಿಯಿತು. ನಾನು ಹೇಳುತ್ತೇನೆಂದು ಅವರು ಕಾದರೋ ಏನೋ. ನಾನು ಹೇಳಲಿಲ್ಲ.

“ಇಲ್ಲ. ತಪ್ಪು ನಂದು” ಎಂದರು.

“ನಮಗ ತಿಳೀಲಾರದಂಗ ಸೇರಿಸಿದ್ರಿ?”

“ತಪ್ಪು ನಂದು ಅಂದ್ನೆಲ್ಲ ರಾಜೇಸಾಬಾ. ಪೇಪರ ನಂದು, ತಪ್ಪೂ ನಂದು.”

“ಇಷ್ಟ ದಿನ ಪೇಪರ ನಿಮ್ಮದು ಅಂತ ನಮಗ ಹೇಳ್ತಿದ್ರಿ.”

ಕಾಕಾ ಕೈಯಲ್ಲಿದ್ದ ಹಾಳೆಯನ್ನು ಮಡಚಿ, ಮೇಜಿನ ಮೇಲೆ ಇಟ್ಟು ಹೋದರು. ಆಮೇಲೆ ಆ ಬಾಗಿಲು ತುಳಿಯಲಿಲ್ಲ.

ಮಾಸ್ತರರು ನನಗೆ ಬೈಯುತ್ತಾರೆಂದು ಕಾದೆ. ಅವರು ಕುಳಿತು ಮುಂದಿನ ಸಂಚಿಕೆಗೆ ಒಂದು ಸಣ್ಣ ಪ್ರಕಟಣೆ ಬರೆದರು. ಆ ಸಾಲುಗಳನ್ನು ಹಮಾಲರು ಕೇಳಿಲ್ಲ, ಸಂಪಾದಕರು ತಾವಾಗಿಯೇ ಸೇರಿಸಿದ್ದು, ಅದರ ಹೊಣೆ ಬೇರೆ ಯಾರಿಗೂ ಇಲ್ಲ ಎಂದು. ಅದು ಏಕೆ ಹಾಗೆ ಎಂದು ನನಗೆ ತಿಳಿದದ್ದು ವರ್ಷಗಳ ಮೇಲೆ. ಓದುವ ಹುಡುಗ ಬಿಟ್ಟುಬಿಟ್ಟ ಎಂದು ಬರೆದರೆ ಊರು ಅದನ್ನು ನೆಪ ಎನ್ನುತ್ತಿತ್ತು, ಅನುಮಾನ ಕಾಕಾನ ಮೇಲೆ ಉಳಿಯುತ್ತಿತ್ತು. ತಾನೇ ಮೋಸ ಮಾಡಿದೆ ಎಂದರೆ ಮಾತ್ರ ಕಾಕಾ ಪಾರು. ಗೆಳೆಯನನ್ನು ಉಳಿಸಲು ಗೆಳೆತನವನ್ನು ಕೊಟ್ಟರು.

ಆ ಸಂಚಿಕೆಯ ಗುರುವಾರ ಪ್ರೂಫ್ ಹಿಡಿದು ಷೆಡ್ಡಿಗೆ ಹೋದೆ. ಯಾರೂ ಬರಲಿಲ್ಲ. ದೂರದಲ್ಲಿ ಇಬ್ಬರು ಬೆನ್ನು ತಿರುಗಿಸಿ ರೊಟ್ಟಿ ತಿನ್ನುತ್ತಿದ್ದರು. ನಾನು ನಿಂತು ಎಲ್ಲವನ್ನೂ ಓದಿದೆ, ಒಂದಕ್ಷರ ಬಿಡದೆ. ಬಂದು ಹೇಳಿದಾಗ ಮಾಸ್ತರರು ತಲೆಬರಹದ ಕೆಳಗಿನ ‘ಹಮಾಲರು ಕೇಳಿ ಒಪ್ಪಿದ್ದು’ ಎಂಬ ಸಾಲನ್ನು ಎತ್ತಿ ತೆಗೆದರು. ಆ ವಾರವೇ ಕಾಕಾನ ಮಗನ ಪತ್ರ ಬಂದಿದೆ ಎಂದು ಬೇರೆಯವರಿಂದ ತಿಳಿದಿತ್ತು. ಕಾಕಾ ಬಂದು ಹೇಳಿರಲಿಲ್ಲ. ಆ ಹೆಸರನ್ನು ಈ ಪಟ್ಟಿಯಿಂದ ಆ ಪಟ್ಟಿಗೆ ಮಾಸ್ತರರು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇಟ್ಟರು. ಅದು ಕೊನೆಯ ಸಂಚಿಕೆ. “ಕೇಳಾವ್ರು ಇಲ್ಲಂದ ಮ್ಯಾಲ ಯಾರಿಗೆ ಛಾಪಸೂದು?” ಎಂದರು.

ಯುದ್ಧ ಮುಗಿಯಿತು. ಕಾಕಾನ ಮಗ ಬದುಕಿ ಬಂದ. ಯಾರ್ಡಿಗೆ ನೀರಿನ ಟಾಕಿಯೂ ಬಂತು, ಎಷ್ಟೋ ವರ್ಷದ ಮೇಲೆ. ಅಂದು ನಕ್ಕವರೇ ಆ ಹುಡುಗನಿಗೆ ಹಾರ ಹಾಕಿದರು. ಕಾಕಾ ಆ ಹಾರವನ್ನು ನೋಡುತ್ತ ನಿಂತಿದ್ದರಂತೆ, ನಗಲಿಲ್ಲವಂತೆ. ಮಾಸ್ತರರು ಆ ದಿನ ಛಾಪಖಾನೆಯಲ್ಲಿ ಲಗ್ನಪತ್ರಿಕೆಯ ಪ್ರೂಫ್ ತಿದ್ದುತ್ತಿದ್ದರು. ಬಾಗಿಲ ಕಡೆ ಸಪ್ಪಳವಾದಾಗಲೆಲ್ಲ ತಲೆ ಎತ್ತುತ್ತಿದ್ದರು.

ಒಂದು ಸಲ, ಬಹಳ ವರ್ಷದ ಮೇಲೆ, ನಾನು ಧೈರ್ಯ ಮಾಡಿದೆ. ಟ್ರೆಡಲ್ ಮಾರಿ ಆಗಿತ್ತು. ನಾನು ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಹಾಕಿದ್ದೆ. ಅವರ ಮನೆಗೆ ಹೋಗಿ, “ಮಾಸ್ತರ, ಅವತ್ತು ಕಾಕಾನ ಮುಖಾ ನೋಡಿ ನನಗ ಓದಾಕ ಆಗಲಿಲ್ರಿ” ಎಂದೆ.

“ಗೊತ್ತೈತಿ” ಎಂದರು. “ಅವನ ಮುಖಾ ನೋಡಿದ್ರ ನನಗ ಬರಿಯಾಕೂ ಆಗ್ತಿರಲಿಲ್ಲ. ನಾ ಇಲ್ಲಿ ಕುಂತು ಬರದೆ.”

“ಕಾಕಾಗ ಹೇಳೂದಿತ್ತಲ್ರಿ ನೀವು.”

“ನಾ ಯಾಕ ಹೇಳ್ಲಿ? ಹೇಳೂದಿದ್ರ ನೀ ಹೇಳು.”

ಹೇಳುತ್ತೇನೆ ಎಂದು ಬಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ಕಳೆದೆ. ಬಜಾರಿನಲ್ಲಿ ಕಾಕಾ ಸಿಕ್ಕರೆ “ಆರಾಮ ಇದ್ದೀರೇನ್ರಿ” ಎಂದು ಕೇಳಿ ದಾಟುತ್ತಿದ್ದೆ. ಮಾಸ್ತರರೂ ಕಾಕಾನೂ ಮುದುಕರಾದರು. ಇಬ್ಬರ ಮನೆಯ ನಡುವೆ ನಡೆದರೆ ಹತ್ತು ನಿಮಿಷದ ದಾರಿ.

ಮಾಸ್ತರರ ಮಣ್ಣಿಗೆ ಹೆಚ್ಚು ಜನ ಇರಲಿಲ್ಲ. ಎಲ್ಲರೂ ಹಿಡಿ ಮಣ್ಣು ಹಾಕಿ ಹೊರಟ ಮೇಲೆ ನೋಡಿದೆ: ಬೇಲಿಯ ಹತ್ತಿರ ಕಾಕಾ ಕೋಲು ಊರಿಕೊಂಡು ನಿಂತಿದ್ದರು. ಒಳಗೆ ಬಂದಿರಲಿಲ್ಲ. ಹತ್ತಿರ ಹೋದೆ.

“ಚಲೋ ಮನಷ್ಯಾ” ಎಂದರು ಕಾಕಾ, ಗುಂಡಿಯ ಕಡೆ ನೋಡುತ್ತ. “ಒಂದ ಸಲ ನಮಗ ಮೋಸ ಮಾಡಿದ್ರು. ಅದೊಂದು ಬಿಟ್ರ ಚಲೋ ಮನಷ್ಯಾ.”

“ಕಾಕಾ, ಮೋಸಾ ಮಾಡಿದ್ದು ನಾನ್ರಿ.”

ಎಲ್ಲ ಹೇಳಿದೆ. ಪ್ರೂಫಿನಲ್ಲಿ ಸಾಲುಗಳಿದ್ದದ್ದು, ನಾನು ಹಾಳೆ ತಿರುವಿದ್ದು, ಎಲ್ಲಾ ಆತು ಎಂದು ಸುಳ್ಳು ಹೇಳಿದ್ದು.

“ಮಾಸ್ತರಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಏನಿತ್ತು ಆ ಸಾಲಿನಾಗ? ಅವರಿವರು ಹೇಳಿದ್ದು ಅಷ್ಟ ನನಗ ಗೊತ್ತು. ಪೂರಾ ಯಾರೂ ಓದಿ ತೋರಿಸಿಲ್ಲ.”

ಹೇಳಿದೆ. ನಾಲ್ಕು ಸಾಲು ಮುಗಿಯಲು ಎಷ್ಟು ಹೊತ್ತು ಬೇಕು? ಕಾಕಾ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಅವತ್ತ ನೀ ಓದಿದ್ರ, ತಗೀ ಅಂತಿದ್ನಿ ನಾ.”

“ಹೌದ್ರಿ.”

“ಮಾಸ್ತರ ತಗೀತಿದ್ರು.”

“ಹೌದ್ರಿ ಕಾಕಾ.”

“ಸಂಜಿಕೆ ಹೋಗಿ ಚಹಾ ಕುಡೀತಿದ್ನಿ.”

ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಕೋಲು ಸರಿಸಿ ಹಿಂದೆ ಸರಿದರು.

“ಮನಿಯಾಗ ಯಾರದಾರ ಈಗ?”

“ಅಕ್ಕ ಒಬ್ಬಾಕಿನ ರೀ.”

ಕಾಕಾ ಬೆಟಗೇರಿಯ ಹಾದಿ ಹಿಡಿದರು. ಹಾದಿಯಲ್ಲಿ ಕಲ್ಲು ಬಹಳ, ಅವರಿಗೆ ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಕೈ ಹಿಡಿಯಲೆಂದು ಬೆನ್ನ ಹಿಂದೆ ನಾಲ್ಕು ಹೆಜ್ಜೆ ಹೋದೆ. ಸಪ್ಪಳ ಕೇಳಿ ನಿಂತರು. ತಿರುಗಿ ನೋಡಲಿಲ್ಲ.

“ನೀ ಬರಬ್ಯಾಡ” ಎಂದರು.